ಪದವಿ ಬಿಡಬಲ್ಲವರೇ ಪೀಠಕ್ಕೆ ತಕ್ಕವರು: ನ್ಯಾಯಮೂರ್ತಿ ವಿಲಿಯಂ ಹೇಸ್ಟಿ ಅವರ ಬದುಕು ಮತ್ತು ನೇಮಕ



ನ್ಯಾಯಾಂಗದ ಬಗ್ಗೆ ಜನಸಾಮಾನ್ಯರಿಗೂ ತಿಳಿಯುವಂತೆ ವರ್ಷಕ್ಕೊಮ್ಮೆ ಮಾತಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ನ್ಯಾಯಾಧೀಶರ ನೇಮಕ ಹೇಗಾಗಬೇಕು ಎಂಬ ಚರ್ಚೆ ನಮ್ಮಲ್ಲಿ ನಿಂತೇ ಇಲ್ಲ. ಯಾರು ನೇಮಿಸಬೇಕು, ಯಾರ ಒಪ್ಪಿಗೆ ಬೇಕು, ಎಷ್ಟು ದಿನದೊಳಗೆ ಆಗಬೇಕು ಎಂಬುದರ ಮೇಲೆ ನಾವು ಬಹಳ ಮಾತಾಡಿದ್ದೇವೆ. ನೇಮಕವಾಗುವ ಮನುಷ್ಯ ಎಂಥವನಿರಬೇಕು, ಆತನ ಹಿಂದಿನ ಬದುಕಿನಲ್ಲಿ ಏನನ್ನು ನೋಡಬೇಕು ಎಂಬ ಪ್ರಶ್ನೆ ಮಾತ್ರ ಹಿಂದೆ ಸರಿದಿದೆ. ಅದನ್ನು ಮುಂದಕ್ಕೆ ತರಲು ನಾನು ಒಬ್ಬ ವ್ಯಕ್ತಿಯ ಕಥೆಯನ್ನು ಆರಿಸಿಕೊಂಡಿದ್ದೇನೆ. ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಪೀಠವೇರಿದ ಮೊದಲ ಕಪ್ಪು ನ್ಯಾಯಾಧೀಶ ವಿಲಿಯಂ ಹೆನ್ರಿ ಹೇಸ್ಟಿ ಅವರ ಕಥೆ ಅದು.

1. ನಡುವಣ ಮೆಟ್ಟಿಲಿನ ನ್ಯಾಯಾಲಯ

ಅಮೆರಿಕದ ಫೆಡರಲ್ ನ್ಯಾಯವ್ಯವಸ್ಥೆಗೆ ಮೂರು ಮೆಟ್ಟಿಲು. ಕೆಳಗೆ ಜಿಲ್ಲಾ ನ್ಯಾಯಾಲಯಗಳು, ಮೇಲೆ ಸುಪ್ರೀಂ ಕೋರ್ಟು, ನಡುವೆ ಮೇಲ್ಮನವಿ ನ್ಯಾಯಾಲಯಗಳು. ಈ ನಡುವಣ ನ್ಯಾಯಾಲಯಗಳು ಈಗಿನ ಸ್ವರೂಪದಲ್ಲಿ ಹುಟ್ಟಿದ್ದು 1891ರ ಕಾಯ್ದೆಯಿಂದ. ಇಂದು ಅವು ಹದಿಮೂರು, ಅವುಗಳಿಗೆ ಮಂಜೂರಾದ ಪೀಠಗಳು 179. ಸಾಮಾನ್ಯವಾಗಿ ಮೂವರು ನ್ಯಾಯಾಧೀಶರು ಒಟ್ಟಿಗೆ ಕೂತು ಮೇಲ್ಮನವಿ ಕೇಳುತ್ತಾರೆ. ಸಾಕ್ಷಿಗಳ ಪಾಟೀಸವಾಲಿಲ್ಲ, ಜ್ಯೂರಿಯಿಲ್ಲ. ಕೆಳಗಿನ ಕೋರ್ಟಿನ ದಾಖಲೆ, ವಕೀಲರ ಲಿಖಿತ ವಾದ, ಗಳಿಗೆಯ ಲೆಕ್ಕದಲ್ಲಿ ಮುಗಿಯುವ ಮೌಖಿಕ ವಾದ, ಇಷ್ಟೆ. ಪತ್ರಿಕೆಗಳ ಮುಖಪುಟಕ್ಕೆ ಈ ಕೋರ್ಟು ಬರುವುದು ಕಡಿಮೆ. ಆದರೆ ವರ್ಷಕ್ಕೆ ಹತ್ತಾರು ಸಾವಿರ ಮೇಲ್ಮನವಿಗಳು ಇಲ್ಲಿಗೆ ಬರುತ್ತವೆ, ಸುಪ್ರೀಂ ಕೋರ್ಟು ಪೂರ್ಣ ವಿಚಾರಣೆಗೆ ಎತ್ತಿಕೊಳ್ಳುವುದು ನೂರಕ್ಕೂ ಕಡಿಮೆ. ಹಾಗಾಗಿ ಬಹುಪಾಲು ಕಕ್ಷಿದಾರರಿಗೆ ಈ ನಡುವಣ ಕೋರ್ಟಿನ ಮಾತೇ ಕೊನೆಯ ಮಾತು.

ಇಂಥ ಪೀಠಕ್ಕೆ ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ ಒಪ್ಪಿಗೆ ಕೊಡಬೇಕು. ಒಪ್ಪಿಗೆ ಸಿಕ್ಕ ಮೇಲೆ ಸನ್ನಡತೆ ಇರುವವರೆಗೂ ಅಧಿಕಾರ, ನಿವೃತ್ತಿಯ ವಯಸ್ಸೆಂಬುದಿಲ್ಲ. ಸೆನೆಟ್ ಅಧಿವೇಶನದಲ್ಲಿ ಇಲ್ಲದಾಗ ಅಧ್ಯಕ್ಷರು ತಾವೇ ತಾತ್ಕಾಲಿಕವಾಗಿ ನೇಮಿಸಬಹುದು. ಆದರೆ ಸೆನೆಟ್ಟಿನ ಮುಂದಿನ ಅಧಿವೇಶನ ಮುಗಿಯುವುದರೊಳಗೆ ಅದಕ್ಕೆ ಒಪ್ಪಿಗೆ ಸಿಗದಿದ್ದರೆ ಪೀಠ ಖಾಲಿ. ಈ ತಾತ್ಕಾಲಿಕ ನೇಮಕದ ನಿಯಮವನ್ನು ನೆನಪಿನಲ್ಲಿಡಿ, ಹೇಸ್ಟಿ ಅವರ ಕಥೆಯ ಗಂಟು ಇರುವುದು ಅಲ್ಲೇ.

1891ರಿಂದ 1949ರವರೆಗೆ, ಐವತ್ತೆಂಟು ವರ್ಷ, ಈ ನ್ಯಾಯಾಲಯಗಳ ಒಂದು ಪೀಠದಲ್ಲೂ ಕಪ್ಪು ಜನರೊಬ್ಬರು ಕೂತಿರಲಿಲ್ಲ. 1934ರಲ್ಲಿ ಫ್ಲಾರೆನ್ಸ್ ಆಲೆನ್ ಆರನೆಯ ಸರ್ಕ್ಯೂಟಿಗೆ, ಅಂದರೆ ಆ ಸಂಖ್ಯೆಯ ಮೇಲ್ಮನವಿ ನ್ಯಾಯಾಲಯಕ್ಕೆ, ಬಂದಾಗ ಹೆಂಗಸರಿಗೆ ಬಾಗಿಲು ತೆರೆದಿತ್ತು. ಬಣ್ಣದ ಬಾಗಿಲು ತೆರೆಯಲು ಇನ್ನೂ ಹದಿನೈದು ವರ್ಷ ಬೇಕಾಯಿತು.

2. ತಯಾರಿಯ ವರ್ಷಗಳು

ಹೇಸ್ಟಿ ಹುಟ್ಟಿದ್ದು 1904ರ ನವೆಂಬರ್ 17ರಂದು, ಟೆನೆಸ್ಸೀ ರಾಜ್ಯದ ನಾಕ್ಸ್‌ವಿಲ್ ಊರಿನಲ್ಲಿ. ತಾಯಿ ಶಾಲಾ ಶಿಕ್ಷಕಿ. ತಂದೆ ಮುಂದೆ ವಾಷಿಂಗ್ಟನ್ನಿನ ಪಿಂಚಣಿ ಕಚೇರಿಯಲ್ಲಿ ಗುಮಾಸ್ತರಾದರು. ಕುಟುಂಬ ರಾಜಧಾನಿಗೆ ಬಂದದ್ದರಿಂದ ಹುಡುಗನಿಗೆ ಡನ್ಬರ್ ಹೈಸ್ಕೂಲ್ ಸಿಕ್ಕಿತು. ಬಣ್ಣಭೇದದ ಕಾರಣಕ್ಕೆ ಪ್ರತ್ಯೇಕವಾಗಿದ್ದ ಶಾಲೆ ಅದು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಓದಿಯೂ ಬೇರೆಲ್ಲೂ ಕೆಲಸ ಸಿಗದ ಕಪ್ಪು ವಿದ್ವಾಂಸರು ಅಲ್ಲಿ ಮೇಷ್ಟ್ರುಗಳಾಗಿದ್ದರು. ಅನ್ಯಾಯವೊಂದು ಆ ಶಾಲೆಯ ಮಕ್ಕಳಿಗೆ ಒಳ್ಳೆಯ ಗುರುಗಳನ್ನು ಒದಗಿಸಿತ್ತು. ಹೇಸ್ಟಿ 1921ರಲ್ಲಿ ತರಗತಿಗೆ ಮೊದಲಿಗರಾಗಿ ಹೊರಬಂದರು. 1925ರಲ್ಲಿ ಆಮ್ಹರ್ಸ್ಟ್ ಕಾಲೇಜಿನಲ್ಲೂ ಅವರೇ ಮೊದಲಿಗರು. ಎರಡು ವರ್ಷ ನ್ಯೂ ಜೆರ್ಸಿಯ ಬಾರ್ಡನ್‌ಟೌನ್‌ನಲ್ಲಿ ಮೇಷ್ಟ್ರಾಗಿ ದುಡಿದು, ಆಮೇಲೆ ಹಾರ್ವರ್ಡ್ ಕಾನೂನು ಶಾಲೆ ಸೇರಿದರು. 1930ರಲ್ಲಿ ಪದವಿ, 1933ರಲ್ಲಿ ಡಾಕ್ಟರೇಟ್. ಅಲ್ಲಿನ ಗುರುಗಳಲ್ಲಿ ಒಬ್ಬರು ಫೆಲಿಕ್ಸ್ ಫ್ರಾಂಕ್‌ಫರ್ಟರ್. ಈ ಹೆಸರು ನಮ್ಮ ಸಂವಿಧಾನದ ಕಥೆಯಲ್ಲೂ ಬರುತ್ತದೆ, ಅಲ್ಲಿಗೆ ಆಮೇಲೆ ಬರೋಣ.

ಇದೇ ದಾರಿಯಲ್ಲಿ, ಡನ್ಬರ್, ಆಮ್ಹರ್ಸ್ಟ್, ಹಾರ್ವರ್ಡ್ ಎಂಬ ಇದೇ ಮೂರು ನಿಲ್ದಾಣ ದಾಟಿ, ಹೇಸ್ಟಿಗಿಂತ ಮುಂಚೆ ನಡೆದವರು ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್. ಸಂಬಂಧದಲ್ಲಿ ಅಣ್ಣನಾಗಬೇಕಾದವರು. ಹ್ಯೂಸ್ಟನ್ ಆಗ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಕಾನೂನು ಶಾಲೆಯನ್ನು ಹೊಸದಾಗಿ ಕಟ್ಟುತ್ತಿದ್ದರು. ಬಣ್ಣಭೇದದ ಕಾನೂನುಗಳನ್ನು ಕೋರ್ಟಿನಲ್ಲೇ ಒಂದೊಂದಾಗಿ ಕೆಡವಬಲ್ಲ ವಕೀಲರ ಒಂದು ಪೀಳಿಗೆಯನ್ನು ತಯಾರಿಸುವುದು ಅವರ ಗುರಿ. ಹೇಸ್ಟಿ ಅಲ್ಲಿ ಪಾಠ ಹೇಳಿದರು, ಹ್ಯೂಸ್ಟನ್ ಮನೆತನದ ವಕೀಲಿ ಕಚೇರಿಗೂ ಸೇರಿದರು. ಅವರ ಶಿಷ್ಯರಲ್ಲಿ ಒಬ್ಬರು ಥರ್ಗುಡ್ ಮಾರ್ಷಲ್.

1933ರಲ್ಲಿ ಹೇಸ್ಟಿ ತಮ್ಮ ಮೊದಲ ದೊಡ್ಡ ಮೊಕದ್ದಮೆ ನಡೆಸಿದರು. ಥಾಮಸ್ ಹಾಕಟ್ ಎಂಬ ಕಪ್ಪು ಯುವಕ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದ ಔಷಧಶಾಸ್ತ್ರ ವಿಭಾಗಕ್ಕೆ ಅರ್ಜಿ ಹಾಕಿದ್ದ. ಬಿಳಿಯರಿಗಷ್ಟೇ ಮೀಸಲಾದ ವಿಶ್ವವಿದ್ಯಾಲಯ ಅವನನ್ನು ಸೇರಿಸಿಕೊಳ್ಳಲಿಲ್ಲ. ಇಪ್ಪತ್ತೆಂಟರ ಹರೆಯದ ಹೇಸ್ಟಿ ಡರಮ್ ಊರಿನ ಕೋರ್ಟಿನಲ್ಲಿ ವಾದಿಸಿದರು, ಸೋತರು. ಸೋಲಿಗೆ ಕಾರಣವೂ ನೋವಿನದು. ಹಾಕಟ್ ಓದಿದ್ದ ಕಪ್ಪು ಜನರ ಕಾಲೇಜಿನ ಅಧ್ಯಕ್ಷರೇ ಅವನ ಓದಿನ ಪ್ರಮಾಣಪತ್ರ ಕೊಡಲು ಒಪ್ಪಲಿಲ್ಲ. ಅರ್ಜಿ ಪೂರ್ಣವಾಗಿರಲಿಲ್ಲ ಎಂಬ ಕಾರಣಕ್ಕೆ ದಾವೆ ಬಿತ್ತು. ಆದರೂ ಉನ್ನತ ಶಿಕ್ಷಣದ ಬಣ್ಣಭೇದವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಸಾಲಿನಲ್ಲಿ ಮೊದಲಿನ ಹೆಜ್ಜೆ ಅದೇ. ಆ ಸಾಲು ಶಾಲೆಗಳ ಬಣ್ಣಭೇದವನ್ನು ತಳ್ಳಿಹಾಕಿದ 1954ರ ಬ್ರೌನ್ ತೀರ್ಪಿನವರೆಗೆ ಹೋಗಿ ಮುಟ್ಟಿತು.

3. ಎರಡು ಸಲ ಬಿಟ್ಟ ಅಧಿಕಾರ

ಅದೇ ವರ್ಷ ಹೇಸ್ಟಿ ಸರ್ಕಾರಿ ಕೆಲಸಕ್ಕೆ ಸೇರಿದರು. ಹೆರಾಲ್ಡ್ ಇಕಿಸ್ ಮಂತ್ರಿಯಾಗಿದ್ದ ಆಂತರಿಕ ವ್ಯವಹಾರಗಳ ಇಲಾಖೆಯಲ್ಲಿ ಕಾನೂನು ಅಧಿಕಾರಿ. ಅಮೆರಿಕ 1917ರಲ್ಲಿ ಡೆನ್ಮಾರ್ಕಿನಿಂದ ಎರಡೂವರೆ ಕೋಟಿ ಡಾಲರಿಗೆ ಕೊಂಡ ವರ್ಜಿನ್ ದ್ವೀಪಗಳು ಈ ಇಲಾಖೆಯ ಕೆಳಗಿದ್ದವು. ಅಲ್ಲಿನ ಜನರಲ್ಲಿ ಬಹುಪಾಲು ಕಪ್ಪು ಜನ, ಆದರೆ ಆಸ್ತಿ ಇದ್ದವರಿಗಷ್ಟೇ ಮತದ ಹಕ್ಕು. ಆ ಷರತ್ತನ್ನು ತೆಗೆದುಹಾಕಿದ 1936ರ ದ್ವೀಪಾಡಳಿತ ಕಾಯ್ದೆಯ ಕರಡಿನಲ್ಲಿ ಹೇಸ್ಟಿಯವರ ಕೈ ದೊಡ್ಡದು.

1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೇಸ್ಟಿಯವರನ್ನು ಅದೇ ದ್ವೀಪಗಳ ಜಿಲ್ಲಾ ನ್ಯಾಯಾಧೀಶರನ್ನಾಗಿ ನೇಮಿಸಿದರು. ಯೂಟಾ ರಾಜ್ಯದ ಸೆನೆಟರ್ ವಿಲಿಯಂ ಕಿಂಗ್ ಈ ನೇಮಕ ಪ್ರಮಾದ ಎಂದು ಜರೆದರು. ಆಜೀವ ಪೀಠವಲ್ಲ, ನಿಗದಿತ ಅವಧಿಯ ಹುದ್ದೆ. ಆದರೂ ಅಮೆರಿಕದ ಮೊದಲ ಕಪ್ಪು ಫೆಡರಲ್ ನ್ಯಾಯಾಧೀಶ ಎಂಬ ಗೌರವ ಅವರದಾಯಿತು. 1939ರಲ್ಲಿ, ಅವಧಿ ಮುಗಿಯುವ ಮೊದಲೇ, ಅವರು ಆ ಗೌರವವನ್ನು ಬಿಟ್ಟು ಹೊರಟರು. ಹೋವರ್ಡ್ ಕಾನೂನು ಶಾಲೆಗೆ ಡೀನ್ ಬೇಕಾಗಿತ್ತು. ದ್ವೀಪದ ಕೋರ್ಟಿನಲ್ಲಿ ತಾವೊಬ್ಬರೇ ನ್ಯಾಯ ಹೇಳುತ್ತ ಕೂರುವುದಕ್ಕಿಂತ ನೂರು ಜನ ವಕೀಲರನ್ನು ತಯಾರಿಸುವುದು ಆ ಹೊತ್ತಿನ ಅಗತ್ಯ ಎಂಬುದು ಅವರ ನಡೆಯಿಂದಲೇ ತಿಳಿಯುತ್ತದೆ.

1940ರಲ್ಲಿ ಇನ್ನೊಂದು ಕರೆ ಬಂತು. ಯುದ್ಧ ಖಾತೆಯ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಅವರಿಗೆ ಕಪ್ಪು ಸೈನಿಕರ ವಿಷಯದಲ್ಲಿ ಸಲಹೆ ಕೊಡುವ ನಾಗರಿಕ ಸಹಾಯಕ ಹುದ್ದೆ. ಹೇಸ್ಟಿ ಒಪ್ಪಿಕೊಂಡರು. ಸೈನ್ಯದೊಳಗಿನ ಬಣ್ಣಭೇದವನ್ನು ಕಣ್ಣಾರೆ ಕಂಡರು. ಬೇರೆ ಬ್ಯಾರಕ್, ಬೇರೆ ತರಬೇತಿ, ಗಾಯಾಳುಗಳಿಗೆ ಕೊಡುವ ರಕ್ತದಲ್ಲೂ ಬೇರೆ ಬೇರೆ ಶೇಖರಣೆ. 1941ರಲ್ಲಿ ಅವರು ವಿವರವಾದ ವರದಿ ಸಲ್ಲಿಸಿ, ಕಪ್ಪು ಮತ್ತು ಬಿಳಿ ಸೈನಿಕರನ್ನು ಬೆರೆಸುವ ಕೆಲಸವನ್ನು ಈಗಲೇ ಶುರುಮಾಡಿ ಎಂದರು. ಸಮಾಜದ ಸಮಸ್ಯೆ ಬಿಡಿಸುವುದು ಸೈನ್ಯದ ಕೆಲಸವಲ್ಲ ಎಂಬ ಧಾಟಿಯ ಉತ್ತರ ಸೇನಾಪತಿಗಳಿಂದ ಬಂತು. ಹೇಸ್ಟಿ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದೇ ಹೋರಾಡಿದರು. ಅವರಿಗೆ ತಿಳಿಸದೆಯೇ ವಾಯುಪಡೆ ಮಿಸ್ಸೂರಿಯ ಜೆಫರ್ಸನ್ ಬ್ಯಾರಕ್ಸ್‌ನಲ್ಲಿ ಕಪ್ಪು ಜನರಿಗೆಂದೇ ಇನ್ನೊಂದು ಪ್ರತ್ಯೇಕ ಅಧಿಕಾರಿ ತರಬೇತಿ ಶಾಲೆ ತೆರೆಯಲು ಹೊರಟಾಗ, 1943ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಕಾರಣಗಳನ್ನು ಪತ್ರಿಕೆಗಳಲ್ಲಿ ಬರೆದು ದೇಶದ ಮುಂದಿಟ್ಟರು. ಯುದ್ಧ ನಡೆಯುತ್ತಿರುವಾಗ ಸರ್ಕಾರದ ಒಳಗಿನ ಮನುಷ್ಯ ಹೀಗೆ ಮಾತಾಡುವುದು ಸಣ್ಣ ಸಂಗತಿಯಲ್ಲ. ಆ ರಾಜೀನಾಮೆಯ ನಂತರ ವಾಯುಪಡೆ ಕೆಲವು ನೀತಿಗಳನ್ನು ಸಡಿಲಿಸಿತು. ಸೈನ್ಯದ ಬಣ್ಣಭೇದ ಕಾನೂನಿನಲ್ಲಿ ಕೊನೆಗೊಂಡದ್ದು 1948ರ ಜುಲೈ 26ರಂದು, ಅಧ್ಯಕ್ಷ ಟ್ರೂಮನ್ ಅವರ ಆದೇಶದಿಂದ.

ಈ ಎರಡು ರಾಜೀನಾಮೆಗಳನ್ನು ಜೊತೆಗಿಟ್ಟು ನೋಡಬೇಕು. ಮೊದಲನೆಯದು, ಇನ್ನೂ ಹೆಚ್ಚಿನ ಕೆಲಸಕ್ಕಾಗಿ ಒಳ್ಳೆಯ ಹುದ್ದೆಯನ್ನು ಬಿಟ್ಟದ್ದು. ಎರಡನೆಯದು, ಹೆಸರಿಗಷ್ಟೇ ಉಳಿದ ಹುದ್ದೆಯನ್ನು ಬಿಟ್ಟದ್ದು. ಸಿಟ್ಟಿನ ರಾಜೀನಾಮೆ ಯಾವುದೂ ಅಲ್ಲ. ಹುದ್ದೆ ಯಾಕಿದೆ, ತಾನು ಇದ್ದು ಆಗುವ ಕೆಲಸವೇನು ಎಂದು ಲೆಕ್ಕ ಹಾಕಿ ಬಿಟ್ಟದ್ದು. ನನ್ನ ಇಂದಿನ ಮಾತಿನ ತಿರುಳು ಇದರಲ್ಲಿದೆ. ಅಧಿಕಾರವನ್ನು ತೂಗಿ ನೋಡಿ ಬಿಡಬಲ್ಲವನಿಗೆ ಮಾತ್ರ, ಬಿಡದೆ ಹಿಡಿದುಕೊಳ್ಳಬೇಕಾದ ಅಧಿಕಾರ ಯಾವುದೆಂದೂ ಗೊತ್ತಿರುತ್ತದೆ.

ಹೊರಬಂದ ಮೇಲೆ ಅವರು ಮಾರ್ಷಲ್ ಜೊತೆ ಸುಪ್ರೀಂ ಕೋರ್ಟಿನಲ್ಲಿ ಎರಡು ದೊಡ್ಡ ಮೊಕದ್ದಮೆ ವಾದಿಸಿದರು. ಹ್ಯೂಸ್ಟನ್ ನಗರದ ದಂತವೈದ್ಯ ಲಾನಿ ಸ್ಮಿತ್ ಅವರ ಪರವಾಗಿ 1944ರ ಏಪ್ರಿಲ್ 3ರಂದು ಗೆದ್ದ ಮೊಕದ್ದಮೆ, ಟೆಕ್ಸಸ್‌ನ ಡೆಮಾಕ್ರಟಿಕ್ ಪಕ್ಷದ ಬಿಳಿಯರಿಗಷ್ಟೇ ಮೀಸಲಾದ ಒಳಚುನಾವಣೆಯನ್ನು ತಳ್ಳಿಹಾಕಿತು. ಒಂದೇ ಪಕ್ಷ ಗೆಲ್ಲುತ್ತಿದ್ದ ದಕ್ಷಿಣದಲ್ಲಿ ಒಳಚುನಾವಣೆಯೇ ನಿಜವಾದ ಚುನಾವಣೆಯಾಗಿತ್ತು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡದೆ ದಂಡಕ್ಕೆ ಗುರಿಯಾದ ಐರೀನ್ ಮಾರ್ಗನ್ ಅವರ ಪರವಾಗಿ 1946ರ ಜೂನ್ 3ರಂದು ಗೆದ್ದ ಮೊಕದ್ದಮೆ, ರಾಜ್ಯದಿಂದ ರಾಜ್ಯಕ್ಕೆ ಹೋಗುವ ಬಸ್ಸುಗಳಲ್ಲಿ ವರ್ಜಿನಿಯಾದ ಬಣ್ಣಭೇದದ ಕಾಯ್ದೆ ನಡೆಯದು ಎಂದಿತು. ಅದೇ ವರ್ಷ ಟ್ರೂಮನ್ ಹೇಸ್ಟಿಯವರನ್ನು ವರ್ಜಿನ್ ದ್ವೀಪಗಳ ಗವರ್ನರನ್ನಾಗಿ ಕಳಿಸಿದರು.

4. ಒಂಬತ್ತು ತಿಂಗಳ ಪರೀಕ್ಷೆ

1949ರ ಆಗಸ್ಟ್ 3ರ ಕಾಯ್ದೆಯೊಂದು ಮೂರನೆಯ ಸರ್ಕ್ಯೂಟಿಗೆ ಹೊಸ ಪೀಠವೊಂದನ್ನು ಕೊಟ್ಟಿತು. ಫಿಲಡೆಲ್ಫಿಯಾದಲ್ಲಿ ಕೂರುವ ಈ ನ್ಯಾಯಾಲಯದ ವ್ಯಾಪ್ತಿ ಪೆನ್ಸಿಲ್ವೇನಿಯಾ, ನ್ಯೂ ಜೆರ್ಸಿ, ಡೆಲಾವೇರ್ ರಾಜ್ಯಗಳು ಮತ್ತು ವರ್ಜಿನ್ ದ್ವೀಪಗಳು. ಅಕ್ಟೋಬರಿನಲ್ಲಿ ಟ್ರೂಮನ್ ಆ ಪೀಠಕ್ಕೆ ಹೇಸ್ಟಿ ಹೆಸರು ಪ್ರಕಟಿಸಿದರು. ಸೆನೆಟ್ ಅಧಿವೇಶನ ಮುಗಿದ ಕೂಡಲೇ, ಅಕ್ಟೋಬರ್ 21ರಂದು, ತಾತ್ಕಾಲಿಕ ನೇಮಕ ಮಾಡಿದರು.

ಇದರಲ್ಲಿ ರಾಜಕೀಯ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. 1948ರ ಚುನಾವಣೆಯಲ್ಲಿ ಟ್ರೂಮನ್ ಸೋಲುತ್ತಾರೆಂದೇ ಎಲ್ಲರೂ ನಂಬಿದ್ದಾಗ ಹೇಸ್ಟಿ ಟ್ರೂಮನ್ ಪರ ಪ್ರಚಾರ ಮಾಡಿದ್ದರು. ಕಪ್ಪು ಮತದಾರರ ಬೆಂಬಲ ಆ ಗೆಲುವಿನಲ್ಲಿ ಮುಖ್ಯವಾಗಿತ್ತು. ಕೃತಜ್ಞತೆಯೂ ಅರ್ಹತೆಯೂ ಒಂದೇ ಹೆಸರಿನಲ್ಲಿ ಕೂಡಿಬಂದವು. ನೇಮಕ ಮಾಡುವವರ ಉದ್ದೇಶ ಪೂರ್ತಿ ಪರಿಶುದ್ಧವಾಗಿರಬೇಕೆಂದು ಕಾದು ಕೂತರೆ ಯಾವ ದೇಶದಲ್ಲೂ ಪೀಠಗಳು ತುಂಬುವುದಿಲ್ಲ. ನೋಡಬೇಕಾದದ್ದು ಆ ಉದ್ದೇಶಕ್ಕೆ ನೇಮಕಗೊಂಡವನು ಋಣಿಯಾಗಿ ನಡೆದನೇ ಎಂಬುದನ್ನು.

1950ರ ಜನವರಿ 5ರಂದು ಹೆಸರು ವಿಧಿಯಂತೆ ಸೆನೆಟ್ಟಿಗೆ ಹೋಯಿತು. ನ್ಯಾಯಾಂಗ ಸಮಿತಿಯ ಅಧ್ಯಕ್ಷರು ನೆವಾಡದ ಪ್ಯಾಟ್ ಮೆಕ್ಯಾರನ್, ಸದಸ್ಯರಲ್ಲಿ ಬಣ್ಣಭೇದದ ಸಮರ್ಥಕರಾದ ಮಿಸಿಸಿಪ್ಪಿಯ ಜೇಮ್ಸ್ ಈಸ್ಟ್‌ಲ್ಯಾಂಡ್. ಫೆಬ್ರವರಿಯಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ, ಸರ್ಕಾರದೊಳಗೆ ಕಮ್ಯುನಿಸ್ಟರಿದ್ದಾರೆ ಎಂಬ ತಮ್ಮ ಕುಖ್ಯಾತ ಭಾಷಣ ಮಾಡಿ ದೇಶದ ತುಂಬ ಕಮ್ಯುನಿಸ್ಟ್ ಭೀತಿ ಹಬ್ಬಿಸಿದರು. ಹೇಸ್ಟಿ ಮೇಲೂ ಅದೇ ಆರೋಪ ಬಂತು. ಎಡಪಂಥೀಯ ಸಂಘಟನೆಗಳ ಒಡನಾಟ ಇತ್ತು ಎಂದರು. ಬಣ್ಣಭೇದದ ವಿರುದ್ಧ ಹೋರಾಡಿದವರಲ್ಲಿ ಆ ಕಾಲದಲ್ಲಿ ಈ ಆರೋಪ ತಟ್ಟದವರು ಕಡಿಮೆ. ಫಿಲಡೆಲ್ಫಿಯಾದ ವಕೀಲಿ ವಲಯಕ್ಕೆ ಇವರು ಹೊರಗಿನವರು ಎಂಬ ಅಸಮಾಧಾನವೂ ಇತ್ತು.

ಈಗ ಅವರ ಸ್ಥಿತಿ ಊಹಿಸಿ. ಅಕ್ಟೋಬರಿನಿಂದ ಅವರು ಪೀಠದಲ್ಲಿ ಕೂತು ತೀರ್ಪು ಕೊಡುತ್ತಿದ್ದಾರೆ. ಗವರ್ನರ್ ಹುದ್ದೆ ಬಿಟ್ಟಾಗಿದೆ. ಕೈಯಲ್ಲಿರುವುದು ವರ್ಷದೊಳಗೆ ಮುಗಿಯಬಹುದಾದ ತಾತ್ಕಾಲಿಕ ಆದೇಶ. ಬರೆದ ಪ್ರತಿ ತೀರ್ಪನ್ನೂ ತಮ್ಮ ಭವಿಷ್ಯ ನಿರ್ಧರಿಸುವ ಸೆನೆಟರುಗಳು ಓದಬಹುದು. ನ್ಯಾಯಾಧೀಶನ ಸ್ವಾತಂತ್ರ್ಯಕ್ಕೆ ಸಂವಿಧಾನ ಕಟ್ಟಿದ ಗೋಡೆ ಆಜೀವ ಅಧಿಕಾರ. ಆ ಗೋಡೆ ಅವರ ಸುತ್ತ ಇನ್ನೂ ಎದ್ದಿರಲಿಲ್ಲ. ಅದಿಲ್ಲದೆಯೂ ಸ್ವತಂತ್ರನಾಗಿ ಇರಬಲ್ಲವನು ಯಾರು? ಈ ಪೀಠ ಹೋದರೂ ಬದುಕುತ್ತೇನೆ ಎಂದು ಎರಡು ಸಲ ತನಗೆ ತಾನೇ ತೋರಿಸಿಕೊಂಡವನು. ರಾಜೀನಾಮೆಗಳು ಆ ದಿನಗಳಿಗೆ ಅವರನ್ನು ಸಿದ್ಧಗೊಳಿಸಿದ್ದವು ಎಂಬುದು ನನ್ನ ದೃಢವಾದ ನಂಬಿಕೆ.

ಆ ಕಾಯುವಿಕೆಯ ನಡುವೆ, 1950ರ ಏಪ್ರಿಲ್ 22ರಂದು, ಚಾರ್ಲ್ಸ್ ಹ್ಯೂಸ್ಟನ್ ತೀರಿಕೊಂಡರು. ದಾರಿ ಕಡಿದು ಕೊಟ್ಟ ಅಣ್ಣ ತಮ್ಮನ ಗೆಲುವನ್ನು ಕಾಣಲಿಲ್ಲ. ಜುಲೈ 19ರಂದು ಸೆನೆಟ್ ಒಪ್ಪಿಗೆ ಕೊಟ್ಟಿತು. ಮೂರು ದಿನದ ಮೇಲೆ ಆಜೀವ ನೇಮಕದ ಆದೇಶ ಬಂತು.

5. ಪೀಠದ ಮೇಲೆ

ವಕೀಲನಾಗಿ ಹೋರಾಡಿದವನು ನ್ಯಾಯಾಧೀಶನಾದರೆ ಪೀಠದಿಂದಲೂ ಹೋರಾಟವನ್ನೇ ನಡೆಸುತ್ತಾನೆ ಎಂಬುದು ವಿರೋಧಿಗಳ ಭಯವಾಗಿತ್ತು. ನಡೆದದ್ದು ಬೇರೆ. ಮೇಲ್ಮನವಿ ನ್ಯಾಯಾಲಯದ ಬಹುಪಾಲು ಕೆಲಸ ತೆರಿಗೆ, ವಿಮೆ, ಹಡಗು, ಕಾರ್ಮಿಕ ವಿವಾದ, ದಿವಾಳಿ, ಕೈದಿಗಳ ಅರ್ಜಿ. ಅವನ್ನೆಲ್ಲ ಹೇಸ್ಟಿ ಒಂದೇ ಶ್ರದ್ಧೆಯಿಂದ ನೋಡಿದರು. ಮುಂದಿರುವ ಪ್ರಕರಣಕ್ಕೆ ಎಷ್ಟು ಬೇಕೋ ಅಷ್ಟೇ ಬರೆಯುವ, ಕಾನೂನಿನ ಮಿತಿ ಎಲ್ಲಿದೆಯೋ ಅಲ್ಲೇ ನಿಲ್ಲುವ ನ್ಯಾಯಾಧೀಶರೆಂದು ಹೆಸರಾದರು.

1962ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಚಾರ್ಲ್ಸ್ ವಿಟ್ಟೇಕರ್ ಅವರ ಪೀಠ ತೆರವಾದಾಗ ಅಧ್ಯಕ್ಷ ಕೆನಡಿ ಹೇಸ್ಟಿಯವರ ಹೆಸರನ್ನು ಗಂಭೀರವಾಗಿ ಪರಿಶೀಲಿಸಿದರು. ಕೊನೆಗೆ ಆ ಪೀಠ ಬೈರನ್ ವೈಟ್ ಅವರಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಹೇಸ್ಟಿ ಹೆಸರಿಗೆ ಒಲವು ತೋರಲಿಲ್ಲ, ಅವರು ಸಾಕಷ್ಟು ಉದಾರವಾದಿಯಲ್ಲ ಎಂಬುದು ವಾರನ್ ಅವರ ಆಕ್ಷೇಪವಾಗಿತ್ತು ಎಂದು ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಮುಂದೆ ನೆನಪಿಸಿಕೊಂಡಿದ್ದಾರೆ. ಯೋಚಿಸಿ: 1950ರಲ್ಲಿ ಅತಿ ತೀವ್ರವಾದಿ ಎಂದು ಅಡ್ಡಿ, 1962ರಲ್ಲಿ ಉದಾರತೆ ಸಾಲದು ಎಂದು ಅಡ್ಡಿ. ಹನ್ನೆರಡು ವರ್ಷದಲ್ಲಿ ಮನುಷ್ಯ ಬದಲಾಗಿರಲಿಲ್ಲ. ವಕೀಲನ ಕರ್ತವ್ಯ ಒಂದು, ನ್ಯಾಯಾಧೀಶನ ಕರ್ತವ್ಯ ಇನ್ನೊಂದು ಎಂದು ಅವರು ಅರಿತಿದ್ದರು, ಎರಡನ್ನೂ ಅದದರ ಜಾಗದಲ್ಲಿ ಪೂರ್ಣವಾಗಿ ಮಾಡಿದ್ದರು. ಎರಡೂ ಕಡೆಯವರಿಗೆ ಬೇಕಾಗಿದ್ದದ್ದು ತಮ್ಮ ಕಡೆಯ ನ್ಯಾಯಾಧೀಶ. ಅವರು ಯಾರ ಕಡೆಯವರೂ ಆಗಿರಲಿಲ್ಲ.

ಅವರ ಶಿಷ್ಯ ಮಾರ್ಷಲ್ ಅವರನ್ನು ಕೆನಡಿ 1961ರಲ್ಲಿ ಎರಡನೆಯ ಸರ್ಕ್ಯೂಟಿಗೆ ನೇಮಿಸಿದ್ದರು. ಅದೂ ತಾತ್ಕಾಲಿಕ ನೇಮಕವೇ. ಸೆನೆಟ್ಟಿನ ಒಪ್ಪಿಗೆಗೆ ಅವರು 1962ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಬಂದ ಮತ 54, ವಿರೋಧ 16. ಗುರು ನಡೆದ ಕಷ್ಟದ ದಾರಿಯಲ್ಲೇ ನಡೆದ ಶಿಷ್ಯ 1967ರಲ್ಲಿ ಸುಪ್ರೀಂ ಕೋರ್ಟನ್ನು ಸೇರಿದರು. ಹೇಸ್ಟಿ 1968ರಿಂದ 1971ರವರೆಗೆ ಮೂರನೆಯ ಸರ್ಕ್ಯೂಟಿನ ಮುಖ್ಯ ನ್ಯಾಯಾಧೀಶರಾಗಿ, ಆಮೇಲೆ ಹಿರಿಯ ನ್ಯಾಯಾಧೀಶರಾಗಿ ಉಳಿದರು. ಆ ವರ್ಷಗಳಲ್ಲಿ ಕಪ್ಪು ಯುವಕರು ಕೆಲವರು ತಾವೇ ಬೇರೆಯಾಗಿ ಉಳಿಯುತ್ತೇವೆಂದಾಗ ಅದನ್ನೂ ಬಹಿರಂಗವಾಗಿ ವಿರೋಧಿಸಿದರು. ಪ್ರತ್ಯೇಕತೆಯನ್ನು ಬಿಳಿಯರು ಹೇರಿದರೂ ಕಪ್ಪು ಜನರೇ ಆರಿಸಿಕೊಂಡರೂ ಅವರಿಗೆ ಒಪ್ಪಿಗೆಯಿರಲಿಲ್ಲ. 1976ರ ಏಪ್ರಿಲ್ 14ರಂದು ತೀರಿಕೊಳ್ಳುವವರೆಗೆ, ಇಪ್ಪತ್ತಾರು ವರ್ಷಕ್ಕೂ ಹೆಚ್ಚು ಕಾಲ, ಅವರು ಆ ಒಂದು ನ್ಯಾಯಾಲಯವನ್ನು ಬಿಡಲಿಲ್ಲ.

6. ನಮ್ಮ ಚರ್ಚೆಗೆ ಸಿಗುವ ಬೆಳಕು

ಹೇಸ್ಟಿಯವರ ಗುರು ಫ್ರಾಂಕ್‌ಫರ್ಟರ್ 1939ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ದಕ್ಷಿಣ ಕನ್ನಡದ ಬೆನೆಗಲ್ ನರಸಿಂಗ ರಾಯರು 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅವರನ್ನು ಕಂಡರು. ಅಮೆರಿಕ ಸಂವಿಧಾನದಲ್ಲಿರುವ ಸಮ್ಯಕ್ ಕಾನೂನು ಪ್ರಕ್ರಿಯೆಯ (ಡ್ಯೂ ಪ್ರಾಸೆಸ್) ಸೂತ್ರವನ್ನು ಅಳವಡಿಸಿಕೊಂಡರೆ ನ್ಯಾಯಾಧೀಶರ ಕೈಗೆ ಮಿತಿಮೀರಿದ ಅಧಿಕಾರ ಹೋದೀತು ಎಂದು ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಕುರಿತ ನಮ್ಮ 21ನೆಯ ವಿಧಿ ಈಗಿರುವ ಮಾತುಗಳಲ್ಲಿ ರೂಪುಗೊಂಡದ್ದರ ಹಿಂದೆ ಆ ಭೇಟಿಯ ನೆರಳಿದೆ. ನ್ಯಾಯಾಧೀಶ ತನ್ನ ಮಿತಿ ಅರಿಯಬೇಕೆಂಬ ಆ ಒಂದೇ ಪಾಠ ಹೇಸ್ಟಿಯವರ ತೀರ್ಪುಗಳಲ್ಲೂ ನಮ್ಮ ಸಂವಿಧಾನದ ಕರಡಿನಲ್ಲೂ ಕೆಲಸ ಮಾಡಿದೆ.

ಇನ್ನೊಂದು ಕಾಲದ ನಂಟು. ಹೇಸ್ಟಿ ನೇಮಕವಾದ 1949ರಲ್ಲೇ, ಮೇ 24ರಂದು, ಡಾ. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ನ್ಯಾಯಾಧೀಶರ ನೇಮಕದ ಬಗ್ಗೆ ಮಾತಾಡಿದರು. ಅಮೆರಿಕದಂತೆ ಶಾಸಕಾಂಗದ ಒಪ್ಪಿಗೆ ಬೇಕೆಂದರೆ ಅದು ತೊಡಕಿನದು, ರಾಜಕೀಯ ಒತ್ತಡಕ್ಕೂ ದಾರಿ ಎಂದರು. ಮುಖ್ಯ ನ್ಯಾಯಮೂರ್ತಿಗಳ ಒಪ್ಪಿಗೆಯೇ ಅಂತಿಮ ಎಂಬುದನ್ನೂ, ಅವರೂ ಮನುಷ್ಯರೇ ಎಂಬ ಕಾರಣಕ್ಕೆ, ಒಪ್ಪಲಿಲ್ಲ. ಸಮಾಲೋಚನೆಯ ನಡುದಾರಿ ಹಿಡಿದರು. ಮುಂದೆ ನಮ್ಮ ಸುಪ್ರೀಂ ಕೋರ್ಟಿನ 1993ರ ತೀರ್ಪು ಆ ದಾರಿಯನ್ನು ಕೊಲಿಜಿಯಂ ಕಡೆಗೆ, ಅಂದರೆ ಹಿರಿಯ ನ್ಯಾಯಾಧೀಶರೇ ಹೆಸರು ಆರಿಸುವ ಪದ್ಧತಿಯ ಕಡೆಗೆ, ತಿರುಗಿಸಿತು. 2015ರ ತೀರ್ಪು ಅದರ ಬದಲಿಗೆ ತಂದ ರಾಷ್ಟ್ರೀಯ ನ್ಯಾಯಾಂಗ ನೇಮಕ ಆಯೋಗವನ್ನು ರದ್ದುಮಾಡಿ ಕೊಲಿಜಿಯಂ ಅನ್ನೇ ಉಳಿಸಿತು. ಅಂಬೇಡ್ಕರರ ಎರಡು ಆತಂಕಗಳೂ ಇಂದಿಗೂ ಜೀವಂತ. ಹೇಸ್ಟಿಯವರ ಒಂಬತ್ತು ತಿಂಗಳ ಪರದಾಟ ಮೊದಲನೆಯ ಆತಂಕಕ್ಕೆ ನೇರ ಸಾಕ್ಷಿ. ಆದರೆ ಅದೇ ಸೆನೆಟ್ ಪದ್ಧತಿಯ ಇನ್ನೊಂದು ಗುಣವನ್ನೂ ಮರೆಯಬಾರದು. ಆಕ್ಷೇಪ ಏನೆಂಬುದು, ಎತ್ತಿದವರು ಯಾರೆಂಬುದು ಅಲ್ಲಿ ದಾಖಲೆಯಾಗಿ ಉಳಿಯುತ್ತದೆ. ಇಷ್ಟು ವರ್ಷದ ಮೇಲೆ ನಾವು ಆ ಆಕ್ಷೇಪಗಳನ್ನು ತೂಗಿ ನೋಡಬಲ್ಲೆವು. ನಮ್ಮಲ್ಲಿ ಒಂದು ಹೆಸರು ತಡವಾದರೆ, ಬಿದ್ದುಹೋದರೆ, ಕಾರಣ ಎಷ್ಟೋ ಸಲ ಆ ಅಭ್ಯರ್ಥಿಗೂ ತಿಳಿಯುವುದಿಲ್ಲ. ಕಾರಣ ಹೇಳುವ ಕರ್ತವ್ಯ ನೇಮಕ ಮಾಡುವವರಿಗೂ ತಡೆಯುವವರಿಗೂ ಸಮನಾಗಿ ಇರಬೇಕು ಎಂದು ನಾನು ಈ ವೇದಿಕೆಯಿಂದ ಒತ್ತಾಯಿಸುತ್ತೇನೆ.

ಆಯ್ಕೆ ಮಾಡುವವರು ಯಾರೇ ಇರಲಿ, ಅಭ್ಯರ್ಥಿಯ ಕಡತದಲ್ಲಿ ಮೂರು ಸಂಗತಿ ಹುಡುಕಬೇಕು. ಗೆಲ್ಲುವ ಭರವಸೆಯಿಲ್ಲದ ಕಕ್ಷಿದಾರನ ಪರವಾಗಿ ಈತ ಎಂದಾದರೂ ನಿಂತಿದ್ದನೇ? ಲಾಭದ ಜಾಗವೊಂದನ್ನು ತತ್ತ್ವಕ್ಕಾಗಿ ಬಿಟ್ಟಿದ್ದನೇ, ಬಿಡುವ ಸಂದರ್ಭ ಬಂದಿರದಿದ್ದರೆ ಅಧಿಕಾರದ ಎದುರು ಅಪ್ರಿಯ ಮಾತನ್ನಾದರೂ ಆಡಿದ್ದನೇ? ತನಗಿಂತ ಕಿರಿಯರನ್ನು ಬೆಳೆಸಿದ್ದನೇ? ವಿವಾದವಿಲ್ಲದ ಬದುಕನ್ನೇ ನಿಷ್ಪಕ್ಷಪಾತ ಎಂದು ತಿಳಿಯುವ ರೂಢಿ ನಮ್ಮಲ್ಲಿದೆ. ಆ ಅಳತೆಗೋಲಿನಲ್ಲಿ ಹೇಸ್ಟಿ ಬಿದ್ದುಹೋಗುತ್ತಿದ್ದರು, ಅಮೆರಿಕ ತನ್ನ ಅತ್ಯಂತ ಸಂಯಮದ ನ್ಯಾಯಾಧೀಶರಲ್ಲಿ ಒಬ್ಬರನ್ನು ಕಳೆದುಕೊಳ್ಳುತ್ತಿತ್ತು.

ವಿದ್ಯಾರ್ಥಿಗಳೆ, ನಿಮ್ಮಲ್ಲಿ ಕೆಲವರು ಮುಂದೆ ಪೀಠವೇರುತ್ತೀರಿ. ಅದಕ್ಕೆ ತಯಾರಿ ಇಂದಿನಿಂದಲೇ, ನೀವು ಒಪ್ಪಿಕೊಳ್ಳುವ ಮತ್ತು ನಿರಾಕರಿಸುವ ವಕಾಲತ್ತುಗಳಿಂದಲೇ ಶುರುವಾಗುತ್ತದೆ. ಕೈಯಲ್ಲಿರುವ ಸ್ಥಾನವನ್ನು ಕೆಲಸಕ್ಕಾಗಿ ಇಟ್ಟುಕೊಳ್ಳಿ, ಕೆಲಸ ನಡೆಯದಿದ್ದರೆ ಬಿಡುವ ಧೈರ್ಯವನ್ನೂ ಇಟ್ಟುಕೊಳ್ಳಿ. ಅಂಥವರು ಪೀಠಕ್ಕೆ ಬಂದಾಗ ಅವರನ್ನು ಹೆದರಿಸಲು ಯಾರ ಕೈಯಲ್ಲೂ ಏನೂ ಇರುವುದಿಲ್ಲ. ನ್ಯಾಯಾಂಗದ ಸ್ವಾತಂತ್ರ್ಯವನ್ನು ಸಂವಿಧಾನದ ವಿಧಿಗಳು ರಕ್ಷಿಸುತ್ತವೆ ನಿಜ. ಆ ವಿಧಿಗಳಿಗೆ ಬಲ ಬರುವುದು ಅವುಗಳೊಳಗೆ ಇಂಥ ಮನುಷ್ಯರು ಕೂತಾಗ.